ಮಟಮಟ ಮಧ್ಯಾಹ್ನದ ಗೋಡೆ

ಮಟಮಟ ಮಧ್ಯಾಹ್ನ ಎನ್ನುವ ಮಾತು ಎಲ್ಲರ ಬಾಯಲ್ಲೂ ಇದೆ. ಮಟಮಟ ಮಧ್ಯಾಹ್ನ ಯಾರಪ್ಪ ಬಾಗಿಲು ಬಡಿಯೋದು ಅನ್ನುತ್ತಾರೆ. ಮಟಮಟ ಮಧ್ಯಾಹ್ನವೇ ಕಳ್ಳ ನುಗ್ಗಿದ ಅನ್ನುತ್ತಾರೆ. ಹೊತ್ತು ನೆತ್ತಿಗೆ ಬಂದಿದೆ, ನೆರಳು ಕಾಲಡಿಗೆ ಸೇರಿದೆ, ಬೀದಿಯಲ್ಲಿ ನರಪಿಳ್ಳೆ ಇಲ್ಲ ಎಂಬುದೆಲ್ಲ ಆ ಒಂದು ಮಾತಿನಲ್ಲಿ ಬಂತು. ಅದು ಎಲ್ಲಿಂದ ಹುಟ್ಟಿತು ಎಂದು ಯಾರೂ ಕೇಳುವ ಗೋಜಿಗೆ ಹೋಗುವುದಿಲ್ಲ. ನೀರಕ್ಕನ ಮನೆಯಲ್ಲಿ ಮಾತ್ರ ಅದಕ್ಕೊಂದು ಕತೆ ಇತ್ತು.

ನೀರಕ್ಕ ಎನ್ನುವುದು ಕೆಲಸದಿಂದ ಬಂದ ಹೆಸರು. ಹೊಸದಾಗಿ ಎದ್ದ ಗೋಡೆಗಳಿಗೆ ನೀರು ಹಾಕುವುದು ಅವಳ ಕೆಲಸ. ಹಸಿ ಗೋಡೆ ಹಸುಗೂಸಿನ ಹಾಗೆ, ಹೊತ್ತುಹೊತ್ತಿಗೆ ಕುಡಿಸದಿದ್ದರೆ ಸೊರಗಿ ಬಿರುಕು ಬಿಡುತ್ತದೆ. ಬಕೆಟ್ಟು, ತಂಬಿಗೆ, ಒಂದು ಹಳೇ ಗೋಣಿಚೀಲ ಹಿಡಿದು ಅವಳು ಬೀದಿಯಿಂದ ಬೀದಿಗೆ ಹೋಗುತ್ತಿದ್ದಳು. ಯಾರೂ ಇನ್ನೂ ವಾಸಕ್ಕೆ ಬಾರದ ಮನೆಗಳನ್ನು ಎಲ್ಲರಿಗಿಂತ ಮೊದಲು ನೋಡುವವಳು ಅವಳೇ. ಅದಕ್ಕೇ ಅವಳಿಗೆ ಹೇಸಿಗೆ ಬೇಗ. ನಾಳೆ ಒಬ್ಬಳು ನಿಂತು ಅಡುಗೆ ಮಾಡಬೇಕಾದ ಮೂಲೆಯಲ್ಲಿ ಇವತ್ತು ಕೂಲಿಯವನು ಉಚ್ಚೆ ಹೊಯ್ದಿರುತ್ತಾನೆ. ಕಲಸಿಟ್ಟ ಗಾರೆಯೊಳಗೆ ಉಗುಳಿ, ಅದನ್ನೇ ಸವರಿ, ಮೇಲೆ ಬಿಳಿ ಬಣ್ಣ ಬಳಿದು ಹೋಗಿರುತ್ತಾರೆ. ಮನೆಯೊಡೆಯರು ಬಂದು ಎಷ್ಟು ಚೊಕ್ಕವಾಗಿದೆ ಎಂದು ಆ ಗೋಡೆಗೇ ಕೆನ್ನೆ ತಾಗಿಸುತ್ತಾರೆ. ಮೇಲೆ ಬಸಪ್ಪ ಒಳಗೆ ವಿಷಪ್ಪ ಎಂದು ನೀರಕ್ಕ ತನ್ನಷ್ಟಕ್ಕೆ ಹೇಳಿಕೊಳ್ಳುತ್ತಿದ್ದಳು. ಇಂಥದ್ದನ್ನು ಕಂಡ ದಿನ ಅವಳಿಗೆ ಊಟ ಇಳಿಯುತ್ತಿರಲಿಲ್ಲ.

ಅವಳ ಗಂಡ ಗೋಡೆ ಕಟ್ಟುವ ಮೇಸ್ತ್ರಿ. ಮಟಮಟ ಮಧ್ಯಾಹ್ನದ ಕತೆ ಅವನದು. ಗಾರೆ ಸವರುವ ಕರಣೆಯನ್ನು ಎತ್ತಿ ಹಿಡಿದು, ಕೇಳುವವರು ಕೆಲಸ ಬಿಟ್ಟು ನಿಲ್ಲುವ ಹಾಗೆ ಹೇಳುತ್ತಿದ್ದ. ದಾರಕ್ಕೆ ಕಟ್ಟಿದ ತೂಕದ ಗುಂಡು ಇಳಿಬಿಟ್ಟರೆ ಅದು ಬಿಟ್ಟ ಕಡೆ ಮಾತ್ರ ನಿಜ ಹೇಳುತ್ತದೆ. ಪಕ್ಕದ ಗೇಣು ಜಾಗದ ಸುದ್ದಿ ಅದಕ್ಕೆ ಗೊತ್ತಿಲ್ಲ. ಆದರೆ ಹೊತ್ತು ನೆತ್ತಿಯ ಮೇಲೆ ನಿಂತಾಗ ಬಿಸಿಲು ಗೋಡೆಯನ್ನು ಮೇಲಿನಿಂದ ಕೆಳಗೆ ಒರೆಸಿಕೊಂಡು ಇಳಿಯುತ್ತದೆ. ಎಲ್ಲಿ ಉಬ್ಬಿದೆಯೋ ಅದರ ಕೆಳಗೆ ಮೀಸೆ ಬರೆದ ಹಾಗೆ ನೆರಳು ಬೀಳುತ್ತದೆ. ನೆರಳಿಲ್ಲದ ಗೋಡೆ ಮಟ್ಟವಾದ ಗೋಡೆ. ಹಿಂದಿನ ಮೇಸ್ತ್ರಿಗಳು ಮನೆಯೊಡೆಯನನ್ನು ಆ ಹೊತ್ತಿಗೇ ಕರೆಸಿ ಗೋಡೆ ಒಪ್ಪಿಸುತ್ತಿದ್ದರಂತೆ. ಗೋಡೆಯೂ ಮಟ್ಟ, ಹೊತ್ತೂ ಮಟ್ಟ, ಅಲ್ಲಿಂದಲೇ ಮಟಮಟ ಮಧ್ಯಾಹ್ನ ಬಂತು ಎಂದು ಅವನ ವಾದ. ಏನನ್ನೂ ಮುಚ್ಚಿಡಲಾಗದ ಹೊತ್ತು ಎಂದು ಅದರ ಅರ್ಥ.

ಎದುರುಮನೆಯ ದರ್ಜಿ ಇದನ್ನು ಒಪ್ಪುತ್ತಿರಲಿಲ್ಲ. ಅವನು ಬಾಯಲ್ಲಿ ಗುಂಡುಸೂಜಿ ಕಚ್ಚಿಕೊಂಡೇ ವಾದ ಮಾಡುವವನು. ನಡುವಿಗೆ ನಟ್ಟನಡು, ತುದಿಗೆ ತುತ್ತತುದಿ, ಕಡೆಗೆ ಕಟ್ಟಕಡೆ, ಹಾಗೇ ಇದೂ ಎನ್ನುತ್ತಿದ್ದ. ಒತ್ತಿ ಹೇಳಬೇಕಾದಾಗ ಜನ ಎರಡು ಸಲ ಹೇಳುತ್ತಾರೆ, ಅದಕ್ಕೂ ನಿನ್ನ ಗೋಡೆಗೂ ಏನು ನೆಂಟಸ್ತಿಕೆ ಎಂದು ಕೇಳುತ್ತಿದ್ದ.

“ನಿನ್ನ ಹೊಲಿಗೆ ಸೊಟ್ಟಗಿದ್ರೆ ಮೈಯಾದ್ರೂ ಮುಚ್ಚುತ್ತೆ ಕಣಯ್ಯ,” ಎಂದಿದ್ದ ಮೇಸ್ತ್ರಿ. “ನನ್ನ ಗೋಡೆ ಸೊಟ್ಟಗಿದ್ರೆ ಮೈಮೇಲೇ ಬೀಳುತ್ತೆ.”

ಆ ಮಾತು ಬೀದಿಯಲ್ಲಿ ಬಹಳ ಕಾಲ ಓಡಾಡಿತು. ದರ್ಜಿಯೇ ತನ್ನ ಅಂಗಡಿಗೆ ಬಂದವರಿಗೆ ಹೇಳಿ ನಗುತ್ತಿದ್ದ.

ನೀರಕ್ಕನ ಮನೆ ಕಟ್ಟಿದ್ದೂ ಮಧ್ಯಾಹ್ನಗಳಲ್ಲೇ. ಮೇಸ್ತ್ರಿಯೂ ಅವನ ತಮ್ಮನೂ ಹತ್ತಿರದ ಬೀದಿಯಲ್ಲಿ ಎದ್ದೇಳುತ್ತಿದ್ದ ದೊಡ್ಡ ಕಟ್ಟಡವೊಂದರಲ್ಲಿ ಕೆಲಸಕ್ಕಿದ್ದರು. ಊಟಕ್ಕೆ ಬಿಟ್ಟ ಹೊತ್ತಿನಲ್ಲಿ ಓಡಿಬಂದು, ತಮ್ಮ ಗೋಡೆಗೆ ಒಂದು ಸಾಲು ಇಟ್ಟಿಗೆ ಏರಿಸಿ, ಮತ್ತೆ ಓಡಬೇಕು. ನೀರಕ್ಕ ಆಗ ತುಂಬಿದ ಬಸುರಿ, ಬಾಡಿಗೆಯ ಕೋಣೆಯಲ್ಲಿ ಇರುತ್ತಿದ್ದಳು. ಬೆಳಿಗ್ಗೆ ಎದ್ದು ಗಂಡನಿಗೆ ಬುತ್ತಿ ಕಟ್ಟುತ್ತಿದ್ದಳು. ಮೊದಲು ಕಾಗದದಲ್ಲಿ ಸುತ್ತುವುದು, ಆಮೇಲೆ ನೀಲಿ ಚೌಕಳಿಯ ಹಳೇ ಹೊದಿಕೆಯಿಂದ ಹರಿದ ತುಂಡಿನಲ್ಲಿ ಗಂಟು ಹಾಕುವುದು. ಇರುವೆ ನುಗ್ಗದ ಹಾಗೆ ಗಂಟಿನ ಎರಡು ಕಿವಿಗಳನ್ನೂ ಒಳಕ್ಕೆ ಮಡಚಿ ಸಿಕ್ಕಿಸುತ್ತಿದ್ದಳು. ಅವಳ ತಾಯಿ ಕಲಿಸಿದ ಗಂಟು ಅದು, ಬೇರೆ ಯಾರಿಗೂ ಬಾರದು. ಬಟ್ಟೆಯ ತುಂಡು ಮಾತ್ರ ಒಂದು ದಿನವೂ ಮನೆಗೆ ಬರಲಿಲ್ಲ. ಕೇಳಿದರೆ ಗಾಳಿಗೆ ಹಾರಿತು, ಕೈ ಒರೆಸಿ ಎಸೆದೆ ಎನ್ನುತ್ತಿದ್ದ. ಗೋಡೆ ಏರುತ್ತಾ ಹೋಯಿತು, ಹೊದಿಕೆ ಸವೆಯುತ್ತಾ ಬಂತು. ಅವಳಿಗೆ ಬೇಜಾರಿರಲಿಲ್ಲ. ಬುತ್ತಿ ಹೇಗಿತ್ತು ಎಂದರೆ ಚೆನ್ನಾಗಿತ್ತು ಎನ್ನುತ್ತಿದ್ದನಲ್ಲ, ಅಷ್ಟು ಸಾಕಾಗಿತ್ತು. ಆಮೇಲೆ ಮಗಳಿಗೆ ಈ ಮನೆಯ ಕತೆ ಹೇಳುವಾಗ, ನಿಮ್ಮಪ್ಪ ಹೊಟ್ಟೆಬಟ್ಟೆ ಕಟ್ಟಿ ಕಟ್ಟಿದ ಮನೆ, ನಿಂತುಕೊಂಡೇ ಉಂಡು ಕಟ್ಟಿದ್ದು ಎಂದು ಹೇಳುತ್ತಿದ್ದಳು. ಮಗಳು ಎದೆಹಾಲಿನ ಜೊತೆಗೆ ಆ ಕತೆಯನ್ನೂ ಕುಡಿದು ಬೆಳೆದಳು.

ಮೇಸ್ತ್ರಿ ಎದೆಯಲ್ಲಿ ದೂಳು ಕಟ್ಟಿ ಕೆಮ್ಮಿ ಕೆಮ್ಮಿ ತೀರಿಕೊಂಡ. ಅವನ ಕರಣೆಯೂ ಅವನ ಮಾತುಗಳೂ ತಮ್ಮನ ಪಾಲಾದವು. ಮೈದುನ ಮಾಳಿಗೆಯ ಮೇಲೆ ವಾಸವಾಗಿದ್ದ. ಬಾಯಲ್ಲಿ ಸದಾ ಹೊಗೆಸೊಪ್ಪು. ಜಗಿದು ಜಗಿದು, ಮಾತಿನ ನಡುವೆ ಎದ್ದು ಹೋಗಿ ಮೆಟ್ಟಿಲ ಮೂಲೆಗೆ ಉಗಿದು ಬರುವವನು. ಆ ಮೂಲೆಯನ್ನು ಅತ್ತಿಗೆ ನಿತ್ಯ ತೊಳೆಯುತ್ತಿದ್ದಳು, ಅವನು ನಿತ್ಯ ಉಗುಳುತ್ತಿದ್ದ. ಇಬ್ಬರೂ ತಮ್ಮ ತಮ್ಮ ಕೆಲಸ ಬಿಡಲಿಲ್ಲ.

ಕೆಳಗಿನ ಹಿಂದಿನ ಕೋಣೆಯಲ್ಲಿ ಬಹಳ ಕಾಲ ರಟ್ಟಿನ ಪೆಟ್ಟಿಗೆಯ ವ್ಯಾಪಾರಿಯೊಬ್ಬ ಸರಕು ತುಂಬಿಸಿಟ್ಟಿದ್ದ. ಅವನು ಖಾಲಿ ಮಾಡಿಕೊಂಡು ಹೋದ ಹೊತ್ತಿಗೇ ಮಗಳಿಗೆ ಹೆರಿಗೆಯಾಯಿತು. ಅವಳೂ ಅಳಿಯನೂ ಇದ್ದ ಮನೆಯನ್ನು ಅದರ ಒಡೆಯ ಬಿಡಿಸಿಕೊಂಡ. ಹಿಂದಿನ ಕೋಣೆಗೇ ಬನ್ನಿ ಎಂದು ನೀರಕ್ಕ ಕರೆದಳು. ಆ ಕೋಣೆಯಲ್ಲಿ ಒಂದು ಕಡೆ ಬಾಗಿಲು, ಒಂದು ಕಡೆ ಕಿಟಕಿ, ಒಂದು ಕಡೆ ಅಡುಗೆಮನೆಗೆ ದಾರಿ. ಮಗುವಿನ ಮಂಚ ಹಾಕಲು ಉಳಿದಿದ್ದು ಓಣಿಯ ಕಡೆಯ ಗೋಡೆಯೊಂದೇ.

ಕೋಣೆ ತೊಳೆಯಲು ಹೋದ ದಿನವೇ ಅವಳಿಗೆ ವಾಸನೆ ಬಡಿಯಿತು. ಇಲಿ ಸತ್ತ ವಾಸನೆ ಅವಳಿಗೆ ಗೊತ್ತು, ಮುಗ್ಗಲು ವಾಸನೆಯೂ ಗೊತ್ತು. ಇದು ಎರಡೂ ಅಲ್ಲ, ಎರಡೂ ಹೌದು. ಯಾರೋ ಉಂಡು ಬಾಯಿ ತೊಳೆಯದೆ ಮುಖದ ಹತ್ತಿರ ಬಂದು ಉಸಿರು ಬಿಟ್ಟ ಹಾಗೆ. ಸುಣ್ಣದ ನೀರಿನಲ್ಲಿ ತೊಳೆದಳು. ಸೋಪಿನಲ್ಲಿ ಉಜ್ಜಿದಳು. ನೆಲ ಒಣಗಿದ ಮೇಲೆ ಮೂಗು ಅರಳಿಸಿಕೊಂಡು ಕೂತು ಕಾದಳು. ವಾಸನೆ ತಿರುಗಿ ಬಂತು, ನೆಲದಿಂದಲ್ಲ, ಓಣಿಯ ಕಡೆಯ ಗೋಡೆಯಿಂದ. ಗೋಡೆಯ ಬುಡದ ಬಿರುಕಿನಿಂದ ಜಿರಳೆಗಳು ಒಂದರ ಹಿಂದೊಂದು ಬರುತ್ತಿದ್ದವು, ಎಣ್ಣೆ ಹಚ್ಚಿಕೊಂಡ ಹಾಗೆ ಮಿರಮಿರ ಹೊಳೆಯುತ್ತ. ಒಂದು ಅವಳ ಕೈಮೇಲೆ ಹತ್ತಿತು. ಆ ಕೈಯನ್ನು ಮೊಣಕೈವರೆಗೆ ಉಜ್ಜಿ ತೊಳೆದರೂ ಆ ದಿನವೆಲ್ಲ ಅದರಲ್ಲಿ ಉಣ್ಣಲು ಮನಸ್ಸಾಗಲಿಲ್ಲ.

ಮೈದುನನಿಗೆ ಹೇಳಿದಳು. ರಟ್ಟಿನವನು ಬಿಟ್ಟುಹೋದ ಕೊಳಕು ಅದು, ಒಂದು ಕೈ ಬಣ್ಣ ಹೊಡೆದರೆ ಹೋಗುತ್ತದೆ ಎಂದ.

ಆ ಗೋಡೆಗೂ ಪಕ್ಕದ ಮನೆಗೂ ನಡುವೆ ಇದ್ದ ಓಣಿ ಎಷ್ಟು ಇಕ್ಕಟ್ಟೆಂದರೆ ಒಂದು ಸಲಕ್ಕೆ ಒಬ್ಬರೇ ಹೋಗಬೇಕು. ಮಾಳಿಗೆಯ ಬಚ್ಚಲಿನ ಕೊಳವೆ ಅಲ್ಲಿ ಒಡೆದು ಯಾವ ಕಾಲದಿಂದಲೋ ಒಸರುತ್ತಿತ್ತು. ಅದಕ್ಕೆ ಚಿಂದಿ ಸುತ್ತೋಣವೆಂದು ನೀರಕ್ಕ ಒಂದು ಮಧ್ಯಾಹ್ನ ಒಳಗೆ ಹೋದಳು. ಆ ಓಣಿಗೆ ಬಿಸಿಲು ಇಳಿಯುವುದು ಹೊತ್ತು ನೆತ್ತಿಗೆ ಬಂದಾಗ ಮಾತ್ರ, ಅದೂ ತುಸು ಹೊತ್ತು. ಅವಳು ಕತ್ತೆತ್ತಿದಾಗ ಬಿಸಿಲು ಗೋಡೆಯ ಮೇಲಿಂದ ಇಳಿಯುತ್ತಿತ್ತು. ಗೋಡೆಯ ನಡುವಿಗೆ ಬಂದದ್ದೇ ತಡವರಿಸಿತು. ಅಲ್ಲಿಂದ ಕೆಳಗೆ ಅಗಲವಾದ ಕಪ್ಪು ನೆರಳು, ಮೀಸೆಯಲ್ಲ, ಗಡ್ಡವೇ. ಗೋಡೆ ದಿನ ತುಂಬಿದ ಬಸುರಿಯ ಹಾಗೆ ಓಣಿಯ ಕಡೆಗೆ ಹೊಟ್ಟೆ ಹಾಕಿಕೊಂಡು ನಿಂತಿತ್ತು. ಬೆರಳ ಗೆಣ್ಣಿನಿಂದ ತಟ್ಟಿದಳು. ಇಟ್ಟಿಗೆಯ ಸದ್ದಲ್ಲ, ಸೋರೆಬುರುಡೆಯ ಸದ್ದು.

ಹೀಗೆ ಹೊಟ್ಟೆ ಬಂದ ಗೋಡೆಗಳನ್ನು ಅವಳು ಕೆಲಸದ ಮನೆಗಳಲ್ಲಿ ನೋಡಿದ್ದಳು. ಅವು ಹೇಳಿ ಬೀಳುವುದಿಲ್ಲ. ಆ ಗೋಡೆಯ ಇನ್ನೊಂದು ಮಗ್ಗುಲಿಗೆ ಮೊಮ್ಮಗುವಿನ ಮಂಚ ಬರಲಿತ್ತು.

ಮೈದುನ ನೋಡುತ್ತೇನೆ ಎಂದ, ಆದರೆ ಸಂಜೆ ಬಂದ. ಮಗಳೂ ಅಳಿಯನೂ ಆ ಹೊತ್ತಿಗೆ ಕೋಣೆ ನೋಡಲು ಬಂದಿದ್ದರು. ಮೈದುನ ಓಣಿಯ ಬಾಯಿಯಲ್ಲೇ ನಿಂತು, ಗೋಡೆಯ ಮೂಲೆಯಲ್ಲಿ ಅಣ್ಣನ ತೂಕದ ಗುಂಡನ್ನು ಇಳಿಬಿಟ್ಟ. ದಾರ ಗೋಡೆಗೆ ಅಂಟಿಕೊಂಡು ನೆಟ್ಟಗೆ ನಿಂತಿತು. ನೋಡಿಕೊಳ್ಳಿ ಎಂದು ಎಲ್ಲರನ್ನೂ ಕರೆದು ತೋರಿಸಿದ. ಮೂಲೆಯಲ್ಲಲ್ಲ, ನಡುವೆ ಬಿಡು ಎಂದಳು ನೀರಕ್ಕ. ಒಳಗೆ ಕತ್ತಲು, ಕಾಲಿಗೆ ಏನು ಸಿಗುತ್ತದೋ ಎಂದು ಅವನು ಗುಂಡನ್ನು ಸುತ್ತಿ ಜೇಬಿಗೆ ಹಾಕಿದ. ಅವಳು ಮತ್ತೆ ಬಾಯಿ ತೆರೆದಾಗ ಅವನಿಗೆ ಸಿಟ್ಟು ಬಂತು.

“ಅಣ್ಣ ಕಟ್ಟಿದ ಗೋಡೆ ಅತ್ತಿಗೆ ಇದು. ಸತ್ತವನ ಕೆಲಸಕ್ಕೆ ಬೆಟ್ಟು ಮಾಡಿ ತೋರಿಸ್ತೀಯಲ್ಲ, ನಿನಗೆ ಹೇಗೆ ಮನಸ್ಸು ಬರುತ್ತೆ?”

ಮಗಳ ಮುಖ ಬಾಡಿತು. ಅಪ್ಪನ ಗೋಡೆಯಲ್ಲಿ ಕೊರತೆ ಹುಡುಕಬೇಡಮ್ಮ, ನಿನಗೆ ಎಲ್ಲದರಲ್ಲೂ ಹೇಸಿಗೆಯೇ ಕಾಣುತ್ತೆ ಎಂದಳು. ಅಳಿಯ ಸಭ್ಯ ಮನುಷ್ಯ. ಸಾಮಾನು ಗಾಡಿಗೆ ಹೇಳಿಯಾಗಿದೆ ಎಂದಷ್ಟೇ ಹೇಳಿ ಮಗುವನ್ನು ಹೆಗಲು ಬದಲಾಯಿಸಿಕೊಂಡ.

ನೀರಕ್ಕನಿಗೆ ಗಂಡನ ಮೇಲೆ ಅನುಮಾನವಿರಲಿಲ್ಲ. ಇಟ್ಟಿಗೆ ಇಟ್ಟದ್ದು ಅವನು, ಮೇಲೆ ಗಾರೆ ಸವರಿದ್ದು ಮೈದುನ, ಕೊಳವೆ ಹಾಕಿದ್ದೂ ಮೈದುನನೇ. ಹೊರಗಿನ ಸಿಪ್ಪೆ ಕಿತ್ತರೆ ಒಳಗೆ ಗಂಡನ ಕೆಲಸ ಬಂಡೆಯ ಹಾಗೆ ಇರುತ್ತದೆ, ಆಗ ಯಾರ ಮಾತು ನಿಜವೆಂದು ಎಲ್ಲರಿಗೂ ಕಾಣುತ್ತದೆ ಎಂದು ಅವಳ ಲೆಕ್ಕ.

“ನಿಮ್ಮಪ್ಪ ಕಟ್ಟಿದ್ದಕ್ಕೇ ಹೇಳ್ತಿರೋದು,” ಎಂದಳು ಮಗಳಿಗೆ. “ಅವರೇ ಹೇಳಿಲ್ವಾ, ಗೋಡೆ ನೋಡೋ ಹೊತ್ತು ಯಾವುದು ಅಂತ. ನಾಳೆ ಮಟಮಟ ಮಧ್ಯಾಹ್ನ ಬನ್ನಿ. ಗಾಡಿ ಆಮೇಲೆ ಬರಲಿ.”

ಮಗಳು ಆ ಮಾತಿಗೆ ಒಪ್ಪಿದಳು. ಅದು ಅಪ್ಪನದೇ ಮಾತು.

ಮರುದಿನ ಹೊತ್ತು ನೆತ್ತಿಗೆ ಬಂದಾಗ ಓಣಿಯ ಬಾಯಿಯಲ್ಲಿ ಎಲ್ಲರೂ ಇದ್ದರು. ದರ್ಜಿಯೂ ಕತ್ತರಿ ಹಿಡಿದುಕೊಂಡೇ ಬಂದಿದ್ದ, ಕರೆಯದೆ. ಮೈದುನ ಮಾಳಿಗೆಯಿಂದ ಇಳಿಯುವುದಕ್ಕೆ ತಡಮಾಡಿದ. ಬಿಸಿಲು ಇಳಿಯಿತು, ನೆರಳು ಬಿತ್ತು. ಮಗಳು ಮಗುವನ್ನು ಎದೆಗೆ ಒತ್ತಿಕೊಂಡು ಒಂದು ಹೆಜ್ಜೆ ಹಿಂದೆ ಸರಿದಳು. ಮೈದುನ ಅದು ಬಣ್ಣದ ಕಲೆ ಎಂದ. ನೀರಕ್ಕ ಸುತ್ತಿಗೆ ಎತ್ತಿದಳು.

ಹೆಚ್ಚು ಹೊಡೆಯಬೇಕಾಗಿ ಬರಲಿಲ್ಲ. ಗಾರೆ ಒದ್ದೆ ಹಪ್ಪಳದ ಹಾಗೆ ಕಳಚಿ ಬಿತ್ತು. ಅದರ ಹಿಂದಿನ ಇಟ್ಟಿಗೆ ಸಾಲು ಕೈ ತಾಗಿದ್ದೇ ಜಾರಿತು. ಒಳಗಿನ ಇಟ್ಟಿಗೆ ಸಾಲಿಗೂ ಹೊರಗಿನ ಸಾಲಿಗೂ ನಡುವೆ ಕಲ್ಲುಚೂರು, ಗಾರೆ ತುಂಬಿ ಬಿಗಿ ಮಾಡಬೇಕಾದ ಜಾಗವದು. ಅಲ್ಲಿಂದ ಮೊದಲು ವಾಸನೆ ಬಂತು. ಅಳಿಯ ಬಾಯಿ ಮುಚ್ಚಿಕೊಂಡು ಬೀದಿಗೆ ಓಡಿದ. ಆಮೇಲೆ ಜಿರಳೆಗಳು ಬಂದವು, ಹರಿದ ಚೀಲದಿಂದ ಕಾಳು ಸುರಿದ ಹಾಗೆ. ಆಮೇಲೆ ಒಳಗಿದ್ದದ್ದು ತಾನಾಗಿಯೇ ಜರುಗಿ ಅವಳ ಕಾಲ ಮೇಲೆ ಬಿತ್ತು. ಸಿಮೆಂಟಿನ ಖಾಲಿ ಚೀಲ, ಒಡೆದ ಬಾಟಲಿ, ಹರಿದ ಚಪ್ಪಲಿ, ಹೊಗೆಸೊಪ್ಪಿನ ಪೊಟ್ಟಣ, ಇಲಿಯ ಗೂಡು, ಅದರೊಳಗೆ ಕೂದಲಿಲ್ಲದ ಕೆಂಪು ಮರಿಗಳು. ಕೊಳವೆಯ ನೀರು ಕುಡಿದು ಎಲ್ಲ ಉಬ್ಬಿ, ಒಂದಕ್ಕೊಂದು ಅಂಟಿ, ಕಪ್ಪು ಲೋಳೆಯಾಗಿತ್ತು. ಆ ಲೋಳೆಯ ನಡುವೆ ಬಟ್ಟೆಯ ತುಂಡುಗಳಿದ್ದವು, ಒಂದಲ್ಲ, ಲೆಕ್ಕವಿಲ್ಲದಷ್ಟು. ನೀಲಿ ಚೌಕಳಿಯವು.

ಅವಳು ಮೊದಲು ಗುರುತಿಸಲಿಲ್ಲ. ಗುರುತಿಸಲು ಮನಸ್ಸು ಒಪ್ಪಲಿಲ್ಲ ಎಂದರೆ ಸರಿ. ಮೇಲುಗಡೆ ನೀರು ತಾಗದ ಜಾಗದಲ್ಲಿ ಒಂದು ಇಡೀ ಗಂಟು ಸಿಕ್ಕಿಕೊಂಡಿತ್ತು. ಅದನ್ನು ಸುತ್ತಿಗೆಯ ತುದಿಯಿಂದ ಎಳೆದು ಕೆಡವಿದಳು. ಕಲ್ಲಿನ ಹಾಗೆ ಗಟ್ಟಿಯಾಗಿ, ಇದ್ದಲಿನ ಹಾಗೆ ಕಪ್ಪಾಗಿ ಬಿತ್ತು. ಗಂಟು ಬಿಚ್ಚಿರಲಿಲ್ಲ. ಎರಡು ಕಿವಿಗಳೂ ಒಳಕ್ಕೆ ಮಡಚಿದಂತೆಯೇ ಇದ್ದವು.

ಮೈದುನ ಮಾತಾಡಿದ. ಈಗ ಅವನ ದನಿ ತಗ್ಗಿತ್ತು, ಯಾವುದೋ ಒಳ್ಳೆಯ ಸುದ್ದಿಯನ್ನು ನಿಧಾನವಾಗಿ ತಿಳಿಸುವವನ ಹಾಗಿತ್ತು.

“ಬರೀ ನಾನಲ್ಲ ಅತ್ತಿಗೆ. ಅಣ್ಣನಿಗೆ ತಣ್ಣಗಾದ ಊಟ ಸೇರ್ತಿರಲಿಲ್ಲ. ತಿರುವಿನ ಅಂಗಡೀಲಿ ಬಿಸಿಬಿಸಿ ಸಿಗ್ತಿತ್ತು. ತಿಂದು ಅಲ್ಲೇ ಒರಗ್ತಿದ್ವಿ. ಎಚ್ಚರ ಆಗೋದ್ರಲ್ಲಿ ಹೊತ್ತು ಮೀರಿರ್ತಿತ್ತು. ಗೋಡೆ ಏರ್ಲಿಲ್ಲ ಅಂದ್ರೆ ನೀನು ಕೇಳ್ತಿದ್ದೆ, ಹಾಗಾಗಿ ಕೈಗೆ ಸಿಕ್ಕಿದ್ದು ತುಂಬಿ ಮುಚ್ತಿದ್ವಿ. ಆ ಹೊತ್ತಲ್ಲಿ ನೋಡೋರು ಯಾರಿರ್ತಾರೆ?”

“ಬುತ್ತಿ?” ಎಂದಳು ನೀರಕ್ಕ.

“ವಾಪಸ್ ತಂದ್ರೆ ನೀನು ನೊಂದ್ಕೊಳ್ತೀಯ ಅಂತ.”

ಇಷ್ಟು ವರ್ಷ ಯಾರ ಯಾರ ಮನೆಯಲ್ಲೋ ಮೂಲೆಯ ಉಗುಳು ಕಂಡು ಹೇಸಿದವಳು ಅವಳು. ತಾನು ದಿನಾ ಗುಡಿಸಿ, ಸಾರಿಸಿ, ಬೆನ್ನು ಆನಿಸಿ ಕೂರುತ್ತಿದ್ದ ಮನೆಯ ಹೊಟ್ಟೆಯಲ್ಲಿ ತನ್ನ ಕೈಯ ಅಡುಗೆಯೇ ಕೊಳೆಯುತ್ತಿತ್ತು. ಚೆನ್ನಾಗಿತ್ತು ಎನ್ನುತ್ತಿದ್ದ ಆ ಮಾತನ್ನು ಅವಳು ಎಷ್ಟು ಜನರ ಮುಂದೆ ಹೇಳಿ ಹಿಗ್ಗಿದ್ದಳು. ಪಕ್ಕದ ಮನೆಯ ಗೋಡೆ ಹಿಡಿದು ಬಗ್ಗಿದಳು, ಹೊಟ್ಟೆಯಲ್ಲಿದ್ದದ್ದೆಲ್ಲ ಹೊರಗೆ ಬಂತು. ಬಾಯಿ ಒರೆಸಿಕೊಂಡು ನೆಟ್ಟಗೆ ನಿಂತಳು.

ಮೈದುನ ಅಷ್ಟರಲ್ಲಿ ಇಟ್ಟಿಗೆ ಎತ್ತಿ ಮತ್ತೆ ಜೋಡಿಸಲು ಹೊರಟಿದ್ದ. ಮುಚ್ಚಿಬಿಡೋಣ, ಅಣ್ಣನ ಹೆಸರು ಹೋಗುತ್ತದೆ, ಬೀದಿಯವರು ಊಟ ಮುಗಿಸಿ ಹೊರಗೆ ಬರುವ ಹೊತ್ತಾಯಿತು ಎಂದ. ಇದನ್ನೆಲ್ಲ ಸಂಜೆ ಕತ್ತಲಾದ ಮೇಲೆ ತಾನೇ ಸಾಗಿಸುತ್ತೇನೆ ಎಂದ. ಮಗಳು ತಾಯಿಯ ಮುಖ ನೋಡುತ್ತಿದ್ದಳು. ಅವಳಿಗೂ ಮುಚ್ಚಿದರೆ ಒಳ್ಳೆಯದು ಎನಿಸಿತ್ತೋ ಏನೋ. ಆದರೆ ಮಗು ಅವಳ ತೋಳಲ್ಲಿತ್ತು, ಕಪ್ಪು ಬಾಯಿ ತೆರೆದ ಗೋಡೆ ಎದುರಿಗಿತ್ತು.

“ಸಂಜೆ ಬೇಡ,” ಎಂದಳು ನೀರಕ್ಕ. “ಈಗಲೇ ಒಯ್ಯಿ.”

ಅವನು ಬುಟ್ಟಿ ಹುಡುಕಿದ. ಅವಳು ತನ್ನ ಬಕೆಟ್ಟನ್ನು ಕಾಲಿನಿಂದ ಹಿಂದಕ್ಕೆ ಸರಿಸಿದಳು, ಅದರಲ್ಲಿ ಹಸಿ ಗೋಡೆಗಳು ಕುಡಿಯುವ ನೀರು ತುಂಬುವುದು. ಕೈಯಲ್ಲೇ ಒಯ್ಯಬೇಕೆಂದಳು, ತುಂಬಿದ್ದೂ ಕೈಯಲ್ಲೇ ಅಲ್ಲವೇ. ಮೈದುನ ಬೀದಿಯಲ್ಲಿ ನಿಂತಿದ್ದ ಅಳಿಯನ ಕಡೆ ನೋಡಿದ, ದರ್ಜಿಯ ಕಡೆ ನೋಡಿದ. ಯಾರೂ ಕದಲಲಿಲ್ಲ. ಆಮೇಲೆ ಅವನು ಆ ಲೋಳೆಯನ್ನು ಎರಡು ತೋಳಲ್ಲಿ ತಬ್ಬಿ ಎತ್ತಿಕೊಂಡು, ಕತ್ತು ಓರೆ ಮಾಡಿ, ಉಗುಳು ನುಂಗಿಕೊಂಡು, ಬಿಸಿಲಿನ ನಡುಬೀದಿಯಲ್ಲಿ ಕಸದ ಗುಂಡಿಯವರೆಗೆ ನಡೆದ. ಮತ್ತೆ ಬಂದ, ಮತ್ತೆ ಒಯ್ದ. ಜಿರಳೆಗಳು ಅವನ ಅಂಗಿಯ ಮೇಲೆ ಹತ್ತಿ ಇಳಿದವು. ಕಿಟಕಿಗಳಲ್ಲಿ ಒಂದೊಂದೇ ಮುಖ ಕಾಣಿಸಿಕೊಂಡಿತು. ಬಿಚ್ಚದ ಗಂಟನ್ನೂ ಅವನೇ ಒಯ್ದ. ನೀರಕ್ಕ ಅದನ್ನು ಮುಟ್ಟಲಿಲ್ಲ, ಬಿಚ್ಚಿ ನೋಡಲೂ ಇಲ್ಲ. ಒಳಗೇನಿದೆ ಎಂದು ಕಟ್ಟಿದವಳಿಗೆ ಗೊತ್ತಿತ್ತು.

ಗೋಡೆಯನ್ನು ಬುಡದವರೆಗೆ ಕೆಡವಿಸಿದಳು. ಬೇರೆ ಮೇಸ್ತ್ರಿಯನ್ನು ಕರೆಸಿದಳು. ಆ ಕೆಲಸ ಮುಗಿಯುವ ತನಕ ಮಗಳೂ ಅಳಿಯನೂ ಮಗುವೂ ಮುಂದಿನ ಕೋಣೆಯಲ್ಲಿ ಅವಳ ಜೊತೆಗೇ ಒತ್ತೊತ್ತಾಗಿ ಮಲಗಿದರು. ಹೊಸ ಗೋಡೆಗೆ ಅವಳೇ ನೀರು ಹಾಕಿದಳು, ನಡುವಿನ ಜಾಗಕ್ಕೆ ಏನು ಹೋಗುತ್ತಿದೆ ಎಂದು ಓಣಿಯಲ್ಲಿ ಕಲ್ಲಿನ ಮೇಲೆ ಕೂತು ನೋಡಿದಳು. ಊಟದ ಹೊತ್ತಿನಲ್ಲಿ ಏಳಲಿಲ್ಲ. ಆ ಮೇಸ್ತ್ರಿಗೆ ಮೊದಮೊದಲು ಇದು ಮುಜುಗರವಾಯಿತು. ಅಕ್ಕಾ, ನನ್ನ ಮೇಲೆ ಅಷ್ಟೂ ನಂಬಿಕೆ ಇಲ್ವಾ ಎಂದು ಕೇಳಿದ. ನಿನ್ನ ಮೇಲೆ ಏನೂ ಇಲ್ಲಪ್ಪ, ನೀನು ಉಣ್ಣು, ನಾನಿಲ್ಲೇ ಇರ್ತೀನಿ ಎಂದಳು.

ಮೈದುನ ಅವಳ ಜೊತೆ ಮಾತು ಬಿಟ್ಟ. ಬೀದಿಯಲ್ಲಿ ಕೆಲವರು ಅವನ ಕಡೆಗೇ ವಾಲಿದರು. ಸತ್ತ ಗಂಡನ ಮಾನವನ್ನು ನಡುಬೀದಿಗೆ ಹೊರಿಸಿದಳಲ್ಲ, ಎಂಥಾ ಹೆಂಗಸು ಎಂದು ನಲ್ಲಿಯ ಹತ್ತಿರ ಅಂದದ್ದು ಅವಳ ಕಿವಿಗೂ ಬಿತ್ತು. ಅವಳು ತಂಬಿಗೆ ತೊಳೆದುಕೊಂಡು ಬಂದಳು. ಮೈದುನ ಮೆಟ್ಟಿಲ ಮೂಲೆಗೆ ಉಗುಳುವುದನ್ನು ಬಿಡಲಿಲ್ಲ. ಅವಳು ಮಾತ್ರ ಆ ಮೂಲೆಯನ್ನು ತೊಳೆಯುವುದು ಬಿಟ್ಟಳು.

ಗೋಡೆ ಒಣಗಿದ ಮೇಲೆ ಒಂದು ದಿನ, ಹೊತ್ತು ನೆತ್ತಿಗೆ ಬಂದಾಗ, ಓಣಿಗೆ ಹೋಗಿ ನಿಂತಳು. ಬಿಸಿಲು ಮೇಲಿನಿಂದ ಕೆಳಗಿನವರೆಗೆ ಎಲ್ಲೂ ನಿಲ್ಲದೆ ಇಳಿಯಿತು. ಒಳಗೆ ಹೋಗಿ ಮಗುವಿನ ಮಂಚವನ್ನು ಆ ಗೋಡೆಗೆ ಒತ್ತಿ ಹಾಕಿದಳು. ಮಗಳು ಮಗುವನ್ನು ಮಲಗಿಸಿ, ಕಾಲ ಹತ್ತಿರ ಕೂತಳು. ಇವನು ದೊಡ್ಡವನಾದ ಮೇಲೆ ಆ ಮಟಮಟ ಮಧ್ಯಾಹ್ನದ ಕತೆ ಕೇಳಿದರೆ ಏನು ಹೇಳುವುದಮ್ಮ ಎಂದಳು.

ನೀರಕ್ಕ ಮಗುವಿನ ಕೆನ್ನೆಯ ಮೇಲಿದ್ದ ಒಂದು ನೊಣವನ್ನು ಓಡಿಸಿದಳು.

“ದರ್ಜಿ ಹೇಳಿದ್ದನ್ನೇ ಹೇಳು. ಒತ್ತಿ ಹೇಳೋಕೆ ಜನ ಎರಡು ಸಲ ಅಂದ್ರು, ಅಷ್ಟೇ. ನಮ್ಮನೆ ಗೋಡೆಗೂ ಅದಕ್ಕೂ ಏನೂ ನೆಂಟಸ್ತಿಕೆ ಇಲ್ಲ.”

ಬಕೆಟ್ಟು ಎತ್ತಿಕೊಂಡು ಅವಳು ಕೆಲಸಕ್ಕೆ ಹೊರಟಳು.